ಸಿಡಿಲಿನಿಂದ ರೇಡಿಯೋ, ಪಂಪ್‌ಸೆಟ್‌ಗಳನ್ನು ಕಾಪಾಡಿಕೊಳ್ಳುವ ಬಗೆ



ಅಶ್ವಿನಿ ಕಳೆದು ಭರಣಿ ಮಳೆ ಹುಟ್ಟುವ ಹೊತ್ತಿಗೆ ನಮ್ಮ ಕಡೆ ಗುಡುಗು ಮಿಂಚುಗಳ ಕಾಲ ಮೊದಲಾಗುತ್ತದೆ. ಮಧ್ಯಾಹ್ನದವರೆಗೂ ಸುಡುಬಿಸಿಲು, ನಾಲ್ಕು ಗಂಟೆಯ ಹೊತ್ತಿಗೆ ಮೋಡ ಕಟ್ಟಿ, ಧೂಳೆದ್ದು, ಎಷ್ಟೋ ಸಲ ಮಳೆಯ ಹನಿಗಿಂತ ಮೊದಲೇ ಸಿಡಿಲು ಬರುತ್ತದೆ. ಮುಂಗಾರು ನೆಲೆನಿಂತ ಮೇಲೆ ಇದರ ಆರ್ಭಟ ತಗ್ಗಿ, ಚಿತ್ತಾ, ಸ್ವಾತಿ ಮಳೆಗಳಲ್ಲಿ ಮತ್ತೆ ತಲೆದೋರುತ್ತದೆ. ಈ ಎರಡು ಕಾಲಗಳಲ್ಲಿಯೇ ಟಿ.ವಿ. ಸುಟ್ಟಿತು, ಸ್ಟಾರ್ಟರ್ ಹೋಯಿತು, ಕೊಳವೆ ಬಾವಿಯ ಮೋಟಾರು ಕೂತಿತು ಎಂಬ ಮಾತನ್ನು ಊರೂರಿನಲ್ಲಿ ಕೇಳುತ್ತೇವೆ.

ನಾನು ಹವ್ಯಾಸಿ ರೇಡಿಯೋ ಇಟ್ಟುಕೊಂಡವನು. ಮನೆಯಿಂದಲೇ ಸ್ವಂತ ಯಂತ್ರದ ಮೂಲಕ ದೂರದೂರದವರೊಡನೆ ಮಾತನಾಡುವ ಹವ್ಯಾಸವಿದು. ೧೨ ವರ್ಷ ತುಂಬಿದವರು ಪರೀಕ್ಷೆ ಕೊಟ್ಟು, ಕೇಂದ್ರ ಸರ್ಕಾರದ ಪರವಾನಗಿ ಪಡೆದು ಇದನ್ನು ನಡೆಸಬಹುದು. ೨೦೦೧ರಲ್ಲಿ ಗುಜರಾತಿನ ಭುಜ್ ಕಡೆ ಭೂಕಂಪವಾಗಿ ಟೆಲಿಫೋನುಗಳು ಸ್ತಬ್ಧವಾದಾಗ ಸುದ್ದಿ ಸಾಗಿಸಲು ನೆರವಾದವರಲ್ಲಿ ಇಂಥ ಹವ್ಯಾಸಿಗಳೂ ಇದ್ದರು. ಮನೆಯ ಮೇಲೆ ಎತ್ತರದ ಏರಿಯಲ್ ಕಟ್ಟಿಕೊಂಡು ಕೂರುವ ನಮಗೆ ಸಿಡಿಲಿನ ಭಯ ಉಳಿದವರಿಗಿಂತ ಹೆಚ್ಚು. ಆದುದರಿಂದ ಅದನ್ನು ತಡೆಯುವ ಉಪಾಯಗಳನ್ನೂ ನಾವು ಹೆಚ್ಚಾಗಿ ಕಲಿಯಬೇಕಾಯಿತು. ಆ ಉಪಾಯಗಳು ನಿಮ್ಮ ಟಿ.ವಿ.ಗೂ ಪಂಪ್‌ಸೆಟ್ಟಿಗೂ ಅಷ್ಟೇ ಸಲ್ಲುತ್ತವೆ. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಹಿತ್ತಿಲಿನ ಆಚೆಗಿದ್ದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ನೆರೆಮನೆಯವರ ಹಸು ಆ ಮರದಿಂದ ಐದಾರು ಮಾರು ದೂರದಲ್ಲಿ, ಮರದ ಕಡೆಗೆ ಮುಖ ಮಾಡಿ ನಿಂತಿತ್ತು. ಅಲ್ಲಿಯೇ ಬಿದ್ದು ಸತ್ತಿತು. ಅದರ ಪಕ್ಕದಲ್ಲಿ ಅಡ್ಡಲಾಗಿ ನಿಂತಿದ್ದ ಕರು ನಡುಗಿತಾದರೂ ಉಳಿಯಿತು. ಒಳಗೆ ಬಂದು ನೋಡಿದರೆ ನನ್ನ ರೇಡಿಯೋ ಯಂತ್ರದಿಂದ ಹೊಗೆ ಏಳುತ್ತಿತ್ತು. ಮನೆಗೆ ಸಿಡಿಲು ಬಡಿದಿರಲಿಲ್ಲ, ಏರಿಯಲ್ಲಿಗೂ ಬಡಿದಿರಲಿಲ್ಲ. ಯಂತ್ರದ ಸ್ವಿಚ್ಚನ್ನು ಆರಿಸಿಯೇ ಇದ್ದೆ. ಹಾಗಿದ್ದರೂ ಅದು ಸುಟ್ಟಿತೇಕೆ? ಮರ ಮುಟ್ಟದ ಹಸು ಸತ್ತಿತೇಕೆ? ಈ ಎರಡಕ್ಕೂ ಕಾರಣ ಒಂದೇ ಎಂಬುದು ನನಗೆ ತಿಳಿದದ್ದು ತಡವಾಗಿ. ನಿಮಗೆ ಅದು ಮೊದಲೇ ತಿಳಿದಿರಲಿ.

ಸಿಡಿಲೆಂದರೆ ಮೋಡಕ್ಕೂ ನೆಲಕ್ಕೂ ನಡುವೆ ಹರಿಯುವ ವಿದ್ಯುತ್ತು. ನಮ್ಮ ಮನೆಗೆ ಬರುವ ಕರೆಂಟು ೨೩೦ ವೋಲ್ಟಿನದು, ಟಿ.ವಿ.ಯೊಂದು ಒಂದು ಆಂಪಿಯರನ್ನೂ ಎಳೆಯುವುದಿಲ್ಲ. ಸಾಧಾರಣ ಸಿಡಿಲೊಂದರಲ್ಲಿ ಸುಮಾರು ೩೦,೦೦೦ ಆಂಪಿಯರ್ ಹರಿಯುತ್ತದೆ. ಅದು ಏರುವುದಕ್ಕೆ ಬೇಕಾದ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗ. ಹೀಗೆ ಬಂದ ವಿದ್ಯುತ್ತು ನೆಲ ಮುಟ್ಟಿದೊಡನೆ ಮಾಯವಾಗುವುದಿಲ್ಲ. ಕೆರೆಗೆ ಕಲ್ಲೆಸೆದರೆ ಅಲೆ ಸುತ್ತಲೂ ಹರಡುವ ಹಾಗೆ ನೆಲದಲ್ಲಿ ಸುತ್ತಲೂ ಹರಡುತ್ತದೆ. ಮರದ ಬುಡದ ಬಳಿ ನೆಲದ ವೋಲ್ಟೇಜು ಬಹಳ ಹೆಚ್ಚು. ದೂರ ಹೋದಂತೆ ಕಡಿಮೆ.

ಈಗ ಹಸುವನ್ನು ನೆನೆಯಿರಿ. ಅದರ ಮುಂಗಾಲು ಮರಕ್ಕೆ ಹತ್ತಿರ, ಹಿಂಗಾಲು ಐದಡಿ ದೂರ. ಎರಡು ಜಾಗಗಳ ನೆಲದ ನಡುವೆ ಆ ಕ್ಷಣದಲ್ಲಿ ಕೆಲವು ಸಾವಿರ ವೋಲ್ಟುಗಳ ವ್ಯತ್ಯಾಸವಿತ್ತು. ಮುಂಗಾಲಿನಿಂದ ಹತ್ತಿ, ಎದೆಯನ್ನು ಹಾದು, ಹಿಂಗಾಲಿನಿಂದ ಇಳಿಯುವ ದಾರಿ ವಿದ್ಯುತ್ತಿಗೆ ಸಿಕ್ಕಿತು. ಅಡ್ಡ ನಿಂತ ಕರುವಿನ ಕಾಲುಗಳೆಲ್ಲ ಮರದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದುದರಿಂದ ಅದು ಬದುಕಿತು.

ನನ್ನ ರೇಡಿಯೋ ಕೂಡ ಆ ಹಸುವಿನಂತೆಯೇ ಕಾಲು ಅಗಲಿಸಿ ನಿಂತಿತ್ತು. ಏರಿಯಲ್ಲಿನ ಅರ್ತ್ ಕಡ್ಡಿಯನ್ನು ನಾನು ಹಿತ್ತಿಲಿನಲ್ಲಿ, ಮರದ ಕಡೆಗೆ ಹೊಡೆದಿದ್ದೆ. ಮನೆಯ ಕರೆಂಟಿನ ಅರ್ತ್ ಮುಂಬಾಗಿಲಿನ ಮೀಟರಿನ ಬಳಿ ಇತ್ತು. ಎರಡಕ್ಕೂ ನಡುವೆ ಹತ್ತು ಮಾರು. ಒಂದರ ತಂತಿ ಏರಿಯಲ್ಲಿನ ಕೇಬಲ್ಲಿನ ಮೂಲಕ, ಇನ್ನೊಂದರ ತಂತಿ ಪ್ಲಗ್ಗಿನ ಮೂಲಕ ಬಂದು ಯಂತ್ರದಲ್ಲಿಯೇ ಸೇರುತ್ತಿದ್ದವು. ಹಿತ್ತಿಲಿನ ನೆಲ ಉಬ್ಬಿದಾಗ ವಿದ್ಯುತ್ತು ಯಂತ್ರದ ಹೊಟ್ಟೆಯ ಮೂಲಕವೇ ಮುಂಬಾಗಿಲಿನ ನೆಲಕ್ಕೆ ಹಾದುಹೋಯಿತು. ಸ್ವಿಚ್ಚು ಆರಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಸ್ವಿಚ್ಚಿನ ಒಳಗಿನ ಸಂದು ಒಂದು ಅಕ್ಕಿಕಾಳಿನಷ್ಟು. ಮುಗಿಲಿನಿಂದ ಮೈಲಿಗಟ್ಟಲೆ ಹಾರಿ ಬಂದದ್ದಕ್ಕೆ ಅದು ಅಡ್ಡಿಯೇ ಅಲ್ಲ. ಮೇಲಾಗಿ ಸ್ವಿಚ್ಚು ಅರ್ತ್ ತಂತಿಯನ್ನು ಕತ್ತರಿಸುವುದೇ ಇಲ್ಲ.

ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ತಾರಸಿಯ ಮೇಲೆ ಡಿಶ್ ಇದೆ. ಅದರ ಕೇಬಲ್ಲು ಟಿ.ವಿ.ಯ ಪೆಟ್ಟಿಗೆಗೆ ಬರುತ್ತದೆ. ಕರೆಂಟಿನ ತಂತಿ ಇನ್ನೊಂದು ಕಡೆಯಿಂದ ಬರುತ್ತದೆ. ಇಂಟರ್ನೆಟ್ಟಿನ ತಂತಿ, ಮಾಳಿಗೆಯ ಮೇಲಿನ ಸೋಲಾರ್ ಹಲಗೆಯ ತಂತಿ, ಬಾವಿಯಿಂದ ಬಂದ ಮೋಟಾರಿನ ತಂತಿ, ಹೀಗೆ ಮನೆಯೊಳಕ್ಕೆ ಬರುವ ಪ್ರತಿಯೊಂದು ತಂತಿಯೂ ಒಂದು ಬಾಗಿಲು. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ಕಂಬದ ಲೈನಿಗೆ ಬಡಿದರೂ ತಂತಿಯ ಗುಂಟ ಬರುತ್ತದೆ. ಹತ್ತಿರ ಎಲ್ಲೋ ಬಿದ್ದರೆ ಉದ್ದನೆಯ ತಂತಿಗಳಲ್ಲಿ ತಾನಾಗಿಯೇ ವೋಲ್ಟೇಜು ಹುಟ್ಟುತ್ತದೆ.

ಆದುದರಿಂದ ಮೊದಲನೆಯ ಕೆಲಸ, ಮನೆಯ ಅರ್ತ್‌ಗಳನ್ನೆಲ್ಲ ಒಂದುಗೂಡಿಸುವುದು. ಏರಿಯಲ್ ಅಥವಾ ಡಿಶ್ಶಿನ ಕಂಬದ ಅರ್ತ್ ಬೇರೆ, ಮೀಟರಿನ ಅರ್ತ್ ಬೇರೆ ಇದ್ದರೆ ಎರಡನ್ನೂ ನೆಲದಲ್ಲಿ ಹೂತ ದಪ್ಪ ಜಿ.ಐ. ಪಟ್ಟಿಯಿಂದಲೋ ತಾಮ್ರದ ಪಟ್ಟಿಯಿಂದಲೋ ಭದ್ರವಾಗಿ ಜೋಡಿಸಬೇಕು. ಆಗ ನೆಲ ಉಬ್ಬಿದರೂ ಎಲ್ಲವೂ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಇಳಿಯುತ್ತವೆ. ದೋಣಿಯೇ ಏರಿ ಇಳಿದರೆ ಒಳಗಿನ ಚೀಲ ಒದ್ದೆಯಾಗುವುದಿಲ್ಲವಷ್ಟೆ. ಹೊಸ ಮನೆ ಕಟ್ಟಿಸುವವರು ಇನ್ನೂ ಸುಲಭದ ದಾರಿ ಹಿಡಿಯಬಹುದು: ಎಲ್ಲ ತಂತಿಗಳನ್ನೂ ಮನೆಯ ಒಂದೇ ಪಕ್ಕದಿಂದ, ಮೀಟರಿನ ಹತ್ತಿರದಿಂದಲೇ ಒಳಕ್ಕೆ ತರಿಸಿ. ಹವ್ಯಾಸಿ ರೇಡಿಯೋದವರು ಒಂದೇ ಕಿಟಕಿಗೆ ಲೋಹದ ತಗಡು ಹಾಕಿ, ಎಲ್ಲ ಕೇಬಲ್ಲುಗಳನ್ನೂ ಅದರ ಮೂಲಕ ತರುವುದು, ಆ ತಗಡನ್ನು ಅರ್ತ್‌ಗೆ ಜೋಡಿಸುವುದು ಇದೇ ಕಾರಣಕ್ಕೆ.

ಅರ್ತ್ ಎಂದೊಡನೆ ಒಂದು ಗಿಡ್ಡ ಕಂಬಿಯನ್ನು ಗೋಡೆಯ ಬುಡಕ್ಕೆ ಸಿಕ್ಕಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದು ಹೆಸರಿಗೆ ಮಾತ್ರ ಅರ್ತ್. ಸರಿಯಾದ ಪೈಪಿನ ಅರ್ತ್‌ಗೆ ೩೮ ಮಿಲಿಮೀಟರಿಗೆ ಕಡಿಮೆಯಿಲ್ಲದ ಒಳವ್ಯಾಸದ, ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಉದ್ದದ ಜಿ.ಐ. ಪೈಪು ಬೇಕು. ಗೋಡೆಯಿಂದ ಐದಡಿ ಈಚೆಗೆ ಗುಂಡಿ ತೋಡಿ, ಪೈಪನ್ನು ನಿಲ್ಲಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಬೇಕು. ಮೇಲೆ ನೀರು ಹೊಯ್ಯಲು ಬಾಯಿ ಬಿಡಬೇಕು. ಒಣಗಿದ ನೆಲ ವಿದ್ಯುತ್ತನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಸಿಡಿಲು ಹೆಚ್ಚು ಬರುವುದು ನೆಲ ಹೆಚ್ಚು ಒಣಗಿರುವ ಚೈತ್ರ ವೈಶಾಖಗಳಲ್ಲಿಯೇ ಎಂಬುದನ್ನು ಮರೆಯಬಾರದು. ಆ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯಿರಿ. ಬಟ್ಟೆ ತೊಳೆದ ನೀರಾದರೂ ಆದೀತು. ಪೈಪಿಗೆ ತಂತಿ ಸೇರುವಲ್ಲಿ ತುಕ್ಕು ಹಿಡಿದಿದ್ದರೆ ಉಜ್ಜಿ, ಬೋಲ್ಟನ್ನು ಬಿಗಿ ಮಾಡಿಸಿ.

ಮಹಡಿಯಿಂದ ಅರ್ತ್‌ಗೆ ಇಳಿಯುವ ತಂತಿ ನೆಟ್ಟಗೆ, ಗಿಡ್ಡಗೆ ಇರಬೇಕು. ಉಳಿದ ತಂತಿಯನ್ನು ಅಂದಕ್ಕೆಂದು ಸಿಂಬೆ ಸುತ್ತಿ ಗೋಡೆಗೆ ತೂಗುಹಾಕುವವರನ್ನು ನೋಡಿದ್ದೇನೆ. ಇದು ದೊಡ್ಡ ತಪ್ಪು. ಅಷ್ಟು ಬೇಗ ಏರುವ ವಿದ್ಯುತ್ತಿಗೆ ನೆಟ್ಟನೆಯ ತಂತಿಯೇ ಅಡ್ಡಿ ಮಾಡುತ್ತದೆ: ಒಂದು ಮೀಟರ್ ಉದ್ದಕ್ಕೆ ೧೦,೦೦೦ ವೋಲ್ಟಿನವರೆಗೂ ಹುಟ್ಟಬಹುದು. ಸುರುಳಿ ಸುತ್ತಿದರೆ ಅದು ಇನ್ನೂ ಹಲವು ಪಟ್ಟು. ಮಳೆಗಾಲದ ಹಳ್ಳ ತಿರುವಿನಲ್ಲಿಯೇ ದಡ ಒಡೆದು ಗದ್ದೆಗೆ ನುಗ್ಗುತ್ತದಲ್ಲವೆ? ಸಿಡಿಲೂ ಹಾಗೆಯೇ ತಿರುವಿನಲ್ಲಿ ತಂತಿಯನ್ನು ಬಿಟ್ಟು ಪಕ್ಕದ ವೈರಿಂಗಿಗೆ ಹಾರುತ್ತದೆ.

ಅರ್ತ್ ಇಲ್ಲದ ಏರಿಯಲ್ ಎಷ್ಟು ಅಪಾಯವೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. ೧೭೫೨ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸಿಡಿಲೂ ವಿದ್ಯುತ್ತೂ ಒಂದೇ ಎಂದು ತೋರಿಸುವ ಪ್ರಯೋಗ ಮಾಡಿದನು. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಮಾಡಿನ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ತಂತಿಯನ್ನು ಕೋಣೆಯೊಳಕ್ಕೆ ತಂದು, ಅಳೆಯುವುದಕ್ಕೆಂದು ನೆಲಕ್ಕೆ ಸೇರಿಸದೆ ಬಿಟ್ಟಿದ್ದನು. ಗುಡುಗು ಬಂದಾಗ ಹತ್ತಿರ ಹೋಗಿ ಬಗ್ಗಿ ನೋಡಿದನು. ಸಿಡಿಲು ಸರಳಿನ ತುದಿಯಿಂದ ಅವನ ಹಣೆಗೆ ಹಾರಿತು. ಅವನು ಅಲ್ಲಿಯೇ ಸತ್ತನು.

ಎರಡನೆಯ ಕೆಲಸಕ್ಕೆ ಕಾಸು ಖರ್ಚಿಲ್ಲ. ಬಾಗಿಲುಗಳನ್ನು ಮುಚ್ಚುವುದು, ಎಂದರೆ ತಂತಿಗಳನ್ನು ಕಳಚುವುದು. ಹವ್ಯಾಸಿಗಳು ಯಂತ್ರ ಬಳಸದಿರುವಾಗ ಏರಿಯಲ್ ಕೇಬಲ್ಲನ್ನು ಕಳಚಿ ಅರ್ತ್‌ಗೆ ಸಿಕ್ಕಿಸಿಯೇ ಏಳುತ್ತಾರೆ. ಸಂಜೆ ಕೊಟ್ಟಿಗೆಯ ಬಾಗಿಲು ಹಾಕುವಷ್ಟೇ ಅಭ್ಯಾಸ ಅದು. ನೀವೂ ಮೋಡ ಕಟ್ಟಿದ ದಿನ ಹೊಲಕ್ಕೆ ಹೋಗುವ ಮೊದಲೇ ಟಿ.ವಿ.ಯ ಪ್ಲಗ್ಗನ್ನು ಗೋಡೆಯಿಂದ ಕೀಳಿ, ಡಿಶ್ಶಿನ ಕೇಬಲ್ಲನ್ನೂ ಪೆಟ್ಟಿಗೆಯಿಂದ ತಿರುಗಿಸಿ ಕಳಚಿ. ಪ್ಲಗ್ ಕಿತ್ತು ಕೇಬಲ್ ಬಿಟ್ಟರೆ ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟ ಹಾಗೆ. ಕಳಚಿದ ತುದಿಯನ್ನು ಟಿ.ವಿ.ಯ ಮೇಲೆಯೇ ಇಡದೆ ಎರಡು ಮೂರು ಅಡಿಯಾದರೂ ದೂರ ಸರಿಸಿ. ಮೊಬೈಲು ತಾನಾಗಿ ಸಿಡಿಲನ್ನು ಕರೆಯುವುದಿಲ್ಲ. ಆದರೆ ಚಾರ್ಜಿಗೆ ಹಾಕಿದ ಮೊಬೈಲನ್ನು ಆ ಹೊತ್ತಿನಲ್ಲಿ ಕಿವಿಗೆ ಹಿಡಿಯಕೂಡದು.

ಯಾವಾಗ ಕಳಚಬೇಕು? ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿರಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಮುಂದಿನದು ನಿಮ್ಮ ಊರಿನಲ್ಲಿಯೇ ಬೀಳಬಹುದು. ಅಷ್ಟು ಹೊತ್ತಿಗೆ ಕಳಚುವ ಕೆಲಸ ಮುಗಿದಿರಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರ ‘ದಾಮಿನಿ’ ಎಂಬ ಆಪ್ ಮೊಬೈಲಿನಲ್ಲಿ ದೊರೆಯುತ್ತದೆ. ನೀವಿರುವ ಜಾಗದ ಸುತ್ತ ೨೦ ಮತ್ತು ೪೦ ಕಿಲೋಮೀಟರಿನ ವ್ಯಾಪ್ತಿಯಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತದೆ. ಊರಿನಲ್ಲಿ ಹತ್ತು ಜನರ ಬಳಿಯಾದರೂ ಅದು ಇರುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಲೆಯ ಮೇಲೆ ಗುಡುಗುತ್ತಿರುವಾಗ ಕೇಬಲ್ ಕಳಚಲು ಕೈ ಹಾಕಬೇಡಿ. ಪಂಪ್‌ಹೌಸಿಗೆ ಓಡಬೇಡಿ. ಸ್ಟಾರ್ಟರ್, ಬಾವಿಯ ಪೈಪು, ತಂತಿಬೇಲಿ ಯಾವುದನ್ನೂ ಮುಟ್ಟಬೇಡಿ. ಹೊತ್ತು ಮೀರಿತೆಂದಾದರೆ ಸಾಮಾನು ಹೋದರೆ ಹೋಗಲಿ. ಪಕ್ಕಾ ಮನೆಯೊಳಗೋ, ಬಾಗಿಲು ಗಾಜು ಮುಚ್ಚಿದ ಕಾರು ಬಸ್ಸಿನೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ. ಬಯಲಿನಲ್ಲಿ ಸಿಕ್ಕಿಬಿದ್ದರೆ ಮರದ ಕೆಳಗೆ ನಿಲ್ಲದೆ, ಮಲಗದೆ, ಎರಡು ಪಾದಗಳನ್ನೂ ಜೋಡಿಸಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಿ. ಪಾದ ಜೋಡಿಸುವುದು ಏಕೆಂಬುದು ಹಸುವಿನ ಕಥೆ ಕೇಳಿದ ನಿಮಗೆ ತಿಳಿದೇ ಇದೆ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವುದನ್ನು ನಮ್ಮ ಹಿರಿಯರು ಕಲಿಸಿದ್ದರು. ಹೇಳಿಕೊಳ್ಳುವವರು ಒಳಗೆ ಕುಳಿತು ಹೇಳಿಕೊಳ್ಳಲಿ.

ಇನ್ನು ಅಂಗಡಿಯಲ್ಲಿ ಸಿಗುವ ಸಾಧನಗಳ ವಿಷಯ. ಫ್ಯೂಜು ಇದೆ, ಸ್ಟೆಬಿಲೈಸರ್ ಇದೆ, ನಮಗೇನು ಭಯ ಎನ್ನುವವರುಂಟು. ಫ್ಯೂಜಿನ ತಂತಿ ಕರಗುವುದರೊಳಗೆ ಸಿಡಿಲು ಬಂದು, ಸುಟ್ಟು, ಹೋಗಿಯೇ ಆಗಿರುತ್ತದೆ. ಸ್ಟೆಬಿಲೈಸರ್ ನಿತ್ಯದ ಏರಿಳಿತವನ್ನು ಸರಿಪಡಿಸುವುದೇ ಹೊರತು ಸಿಡಿಲನ್ನಲ್ಲ. ಈ ಕೆಲಸಕ್ಕೆಂದೇ ಇರುವುದು ಸರ್ಜ್ ಅರೆಸ್ಟರ್. ಅದನ್ನು ಕೆರೆಯ ಕೋಡಿಯೆಂದು ತಿಳಿಯಿರಿ. ನೀರು ಮಟ್ಟದಲ್ಲಿರುವವರೆಗೆ ಕೋಡಿ ಸುಮ್ಮನಿರುತ್ತದೆ, ಮಟ್ಟ ಮೀರಿದೊಡನೆ ಹೆಚ್ಚಿನ ನೀರನ್ನು ಹೊರಕ್ಕೆ ಬಿಟ್ಟು ಏರಿಯನ್ನು ಉಳಿಸುತ್ತದೆ. ಅರೆಸ್ಟರೂ ವೋಲ್ಟೇಜು ಮಿತಿ ಮೀರಿದಾಗ ಅದನ್ನು ಅರ್ತ್‌ಗೆ ಹರಿಸುತ್ತದೆ. ಕೋಡಿಯ ಮುಂದೆ ಕಾಲುವೆಯಿಲ್ಲದಿದ್ದರೆ ನೀರು ಎಲ್ಲಿಗೆ ಹೋದೀತು? ಅರ್ತ್ ಸರಿಯಿಲ್ಲದ ಮನೆಯಲ್ಲಿ ಸಾವಿರಾರು ರೂಪಾಯಿಯ ಅರೆಸ್ಟರ್ ಹಾಕಿಸುವುದೂ ಹಾಗೆಯೇ. ಮೊದಲು ಗುಂಡಿ, ಆಮೇಲೆ ಸಾಧನ. ಅರೆಸ್ಟರು ಪೆಟ್ಟು ತಿಂದಂತೆಲ್ಲ ಸವೆಯುತ್ತದೆ. ಹಲವು ಅರೆಸ್ಟರುಗಳಲ್ಲಿ ಚಿಕ್ಕ ಕಿಂಡಿಯಿರುತ್ತದೆ. ಅದು ಹಸಿರಿನಿಂದ ಕೆಂಪಿಗೆ ತಿರುಗಿದರೆ ಬದಲಾಯಿಸಬೇಕು.

ಕೊಳವೆ ಬಾವಿಯ ಮೋಟಾರಿನ ಸಂಗತಿ ಸ್ವಲ್ಪ ಬೇರೆ. ನೂರಾರು ಅಡಿ ಆಳದಲ್ಲಿರುವುದಕ್ಕೆ ಸಿಡಿಲಿನ ಭಯವೇನೆಂದು ಅನಿಸಬಹುದು. ವಾಸ್ತವವಾಗಿ ಅದಕ್ಕೇ ಭಯ ಹೆಚ್ಚು. ನೆಲದಾಳದ ನೀರಿನಲ್ಲಿ ಮುಳುಗಿದ ಮೋಟಾರಿಗಿಂತ ಒಳ್ಳೆಯ ಅರ್ತ್ ಸಿಡಿಲಿಗೆ ಬೇರೆಲ್ಲಿ ಸಿಗುತ್ತದೆ? ಲೈನಿನ ಮೇಲೆ ಬಂದ ವಿದ್ಯುತ್ತು ಮೇಲಿನ ಒಣ ಗುಂಡಿಯನ್ನು ಬಿಟ್ಟು ಕೇಬಲ್ಲಿನ ಮೂಲಕ ಇಳಿದು, ಮೋಟಾರಿನ ಸುರುಳಿಯನ್ನು ಸೀಳಿ ನೀರಿಗೆ ಸೇರುತ್ತದೆ. ಆದುದರಿಂದ ಸ್ಟಾರ್ಟರಿನ ಬಳಿ ಅರೆಸ್ಟರ್ ಹಾಕಿಸುವವರು ಅದರ ಅರ್ತ್ ತಂತಿಯನ್ನು ಮೇಲಿನ ಕಡ್ಡಿಗೆ ಮಾತ್ರವಲ್ಲದೆ ಬಾವಿಯ ಕಬ್ಬಿಣದ ಕೇಸಿಂಗ್ ಪೈಪಿಗೂ ಜೋಡಿಸಬೇಕು. ಕೇಸಿಂಗು ಪಿ.ವಿ.ಸಿ.ಯದಾದರೆ, ನೀರೆತ್ತುವ ಕಬ್ಬಿಣದ ಪೈಪಿಗೆ. ಅದೂ ಕಪ್ಪು ಪ್ಲಾಸ್ಟಿಕ್ಕಿನದಾದರೆ, ಮೋಟಾರು ಇಳಿಸುವಾಗಲೇ ಮೋಟಾರಿನ ಮೈಯಿಂದ ಬೇರೆ ಅರ್ತ್ ತಂತಿಯನ್ನು ಮೇಲಕ್ಕೆ ತರಿಸಿರಬೇಕು. ಮೋಟಾರು ಎತ್ತಿಸಿದ ದಿನ ಈ ತಂತಿಯ ನೆನಪಿರಲಿ. ಬೇಸಿಗೆಯ ನಡುವೆ ಮೋಟಾರು ಕೂತರೆ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವುದರೊಳಗೆ ತೋಟದ ಎಳೆಯ ಸಸಿಗಳು ಒಣಗಿರುತ್ತವೆ. ತಂತಿಯ ಖರ್ಚು ಅದರ ಮುಂದೆ ಏನೂ ಅಲ್ಲ.

ಸೋಲಾರ್ ಬೇಲಿಯ ಯಂತ್ರಕ್ಕೂ ಇದೇ ಅಪಾಯ. ಹೊಲದ ಸುತ್ತ ಎಳೆದ ತಂತಿ ಒಂದು ದೊಡ್ಡ ಏರಿಯಲ್ಲೇ ಸರಿ. ಮೋಡ ಕಟ್ಟಿದಾಗ ಬೇಲಿಯನ್ನು ಯಂತ್ರದಿಂದ ಕಳಚಿಡಿ.

ಮನೆಯ ಸಾಮಾನು ಸುಡುವುದೆಲ್ಲ ಸಿಡಿಲಿನಿಂದಲೇ ಅಲ್ಲ. ಗಾಳಿಮಳೆಯಲ್ಲಿ ಟಿ.ಸಿ.ಯಿಂದ ಬರುವ ಲೈನಿನ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ ೨೩೦ ವೋಲ್ಟಿನ ಬದಲು ೪೦೦ರ ಹತ್ತಿರ ಬರುತ್ತದೆ. ಗುರುತು ಸುಲಭ: ಒಂದು ಮನೆಯಲ್ಲಿ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತದೆ, ಫ್ಯಾನು ಹುಚ್ಚೆದ್ದು ತಿರುಗುತ್ತದೆ, ನೆರೆಮನೆಯಲ್ಲಿ ದೀಪ ಮಂಕಾಗಿರುತ್ತದೆ. ಹೀಗೆ ಕಂಡ ಕೂಡಲೇ ಮೇನ್ ಸ್ವಿಚ್ ಆರಿಸಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ, ಲೈನ್‌ಮನ್‌ಗೆ ತಿಳಿಸಿ. ಕಂಬ, ಟಿ.ಸಿ.ಗಳಿಗೆ ನೀವು ಕೈ ಹಾಕಕೂಡದು. ಕರೆಂಟು ಹೋಗಿ ಬರುವ ಹೊತ್ತಿನಲ್ಲಿಯೂ ವೋಲ್ಟೇಜು ಹೊಯ್ದಾಡುತ್ತದೆ. ರಾತ್ರಿ ಎದ್ದುಹೋಗುವ ಕಷ್ಟ ತಪ್ಪಿಸಲು ನಮ್ಮವರು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ, ತಪ್ಪೆನ್ನಲಾರೆ. ಆದರೆ ಕರೆಂಟು ಬಂದ ಕೂಡಲೇ ಅಲ್ಲದೆ ಕೆಲವು ನಿಮಿಷ ತಡೆದು ಮೋಟಾರನ್ನು ಹೊರಡಿಸುವ, ಒಂದು ಫೇಸ್ ಇಲ್ಲದಿದ್ದರೆ ಹೊರಡಿಸದಿರುವ ಸಾಧನಗಳನ್ನು ಅದರೊಡನೆ ಕೂಡಿಸಬೇಕು.

ನಿಮ್ಮ ಊರಿನ ಹುಡುಗರು ಯಾರಾದರೂ ಹವ್ಯಾಸಿ ರೇಡಿಯೋದ ಪರವಾನಗಿ ಪಡೆದು ಏರಿಯಲ್ ಕಟ್ಟಲು ಹೊರಟರೆ ಬೈದು ತಡೆಯಬೇಡಿ, ಜಾಗ ನೋಡಿ ಕೊಡಿ. ಕಂಬ ಬುಡಸಮೇತ ಉರುಳಿದರೂ, ತಂತಿ ಕಡಿದು ಬಿದ್ದರೂ ಕರೆಂಟಿನ ಲೈನಿಗೆ ತಾಕದಷ್ಟು ದೂರ ಬೇಕು. ಏರಿಯಲ್ ಕಟ್ಟುವಾಗ ಅದು ಲೈನಿಗೆ ತಗುಲಿ ಜೀವ ಹೋಗುವುದುಂಟು.

ಸಿಡಿಲು ಹತ್ತಿರ ಬಿದ್ದ ಮರುದಿನ ಪಂಪನ್ನು ಒಮ್ಮೆಲೇ ಚಾಲೂ ಮಾಡಬೇಡಿ. ಸ್ಟಾರ್ಟರಿನಲ್ಲಿ ಸುಟ್ಟ ವಾಸನೆ, ಕರಿಯ ಗುರುತು ಇವೆಯೇ ಎಂದು ಮೇನ್ ಆರಿಸಿ ನೋಡಿ. ಮೋಟಾರಿನ ಸುರುಳಿ ಮೈಗೆ ತಗುಲಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನರಿಂದ ಮೆಗ್ಗರ್ ಹಚ್ಚಿಸಿ ಪರೀಕ್ಷಿಸಿದ ಮೇಲೆಯೇ ಗುಂಡಿ ಒತ್ತಬೇಕು. ಅರ್ತ್ ಗುಂಡಿಯ ಬಳಿಗೂ ಹೋಗಿ ನೋಡಿ: ತಂತಿ ಕರಗಿ ಕಡಿದಿದ್ದರೆ ಅಂದೇ ಹೊಸದು ಹಾಕಿಸಿ. ಸಂಜೆ ಮತ್ತೆ ಮೋಡ ಕಟ್ಟುತ್ತದೆ.